ನ್ಯಾನ್ಸಿಯ ಬಳಿ ಇರುವ ದನಿ

ನ್ಯಾನ್ಸಿ ಗಂಡನ ಕಣ್ಣಿಗೆ ಮದ್ದು ಬಿಡುತ್ತಿದ್ದಾಳೆ, ಎಡಗಣ್ಣಿಗೆ ಒಂದು ಹನಿ, ಬಲಗಣ್ಣಿಗೆ ಒಂದು, ಅಲ್ಲಾಡಬೇಡ ಗ್ರೆಗ್, ಮಗುವಿನ ಹಾಗೆ ಎಂತ ಮಾಡುದು ನೀನು, ಅವನು ಗದ್ದ ಎತ್ತಿ ಬಾಯಿ ತೆರೆದು ಕೂತಿದ್ದಾನೆ, ಮದ್ದು ಬಾಯಿಗೇ ಬೀಳಬೇಕೇನೋ ಎಂಬಂತೆ — ವ್ಯಾನಿನ ಮುಂದಿನ ಕನ್ನಡಿಯಲ್ಲಿ ಇಷ್ಟೂ ಕಾಣುತ್ತದೆ, ನೋಡಬಾರದೆಂದು ಕಿಟಕಿಯ ಕಡೆ ಮುಖ ತಿರುಗಿಸುತ್ತೇನೆ, ಹೊರಗೆ ಕುಂದಸಾಂಗ್ ಊರಿನ ತರಕಾರಿ ಅಂಗಡಿಗಳ ಸಾಲು, ಅದರ ಹಿಂದೆ ಮಂಜು, ಮಂಜಿನ ಹಿಂದೆ ಕಿನಬಾಲು ಪರ್ವತ ಇರಬೇಕು, ಬೆಳಿಗ್ಗೆ ಆರಕ್ಕೆ ಸಂಧ್ಯಾವಂದನೆಗೆಂದು ಇಳಿದಾಗ ಕಂಡಿತ್ತು, ಕಪ್ಪು ಕಲ್ಲಿನ ಕೊಂಬುಗಳು, ಅರ್ಘ್ಯ ಬಿಟ್ಟು ಮುಗಿಸುವ ತನಕ ಎದುರಿಗೆ ನಿಂತಿತ್ತು, ಒಂಬತ್ತರೊಳಗೆ ಮೋಡ ನುಂಗಿತು. ನನ್ನ ಹೆಂಡತಿ ಚಾಮುಂಡಿಗೆ ಬೆಟ್ಟವೆಂದರೆ ಪ್ರಾಣ, ಮೈಸೂರಿನವಳು, ಹೆಸರೇ ಬೆಟ್ಟದ್ದು, ಕ್ವಾಲಾಲಂಪುರದಲ್ಲಿ ಇಪ್ಪತ್ತೆಂಟು ವರ್ಷವಿದ್ದೂ ಒಂದು ಒಳ್ಳೆ ಬೆಟ್ಟ ತೋರಿಸಲಿಲ್ಲ ನೀವು ಎನ್ನುತ್ತಿದ್ದಳು. ಈ ಪ್ರವಾಸ ಅವಳದು, ಅವಳೂ ನ್ಯಾನ್ಸಿಯೂ ಎರಡು ವರ್ಷ ಕೂಡಿ ಹೊಂಚಿದ್ದು, ಕೋಟ ಕಿನಬಾಲುವಿನಲ್ಲಿ ಒಲೆ ಹಾಸಿಗೆ ಬಚ್ಚಲು ಎಲ್ಲ ಇರುವ ವ್ಯಾನು ಹಿಡಿಯುವುದು, ಮೊದಲು ಕಿನಬಾಲು ಪಾರ್ಕು, ಆಮೇಲೆ ಪೋರಿಂಗಿನ ಬಿಸಿನೀರಿನ ಬುಗ್ಗೆ, ಆಮೇಲೆ ಕ್ರಾಕರ್ ಬೆಟ್ಟಸಾಲಿನ ಪಾರ್ಕು, ನಾಲ್ಕು ಜನ, ಆರು ದಿನ. ಈಗ ಮೂರು ಜನ, ಮೂರನೆಯ ದಿನ. ಅವಳು ಹೋಗಿ ಹತ್ತು ತಿಂಗಳು ಹನ್ನೊಂದು ದಿನ. ಬರುವುದಿಲ್ಲ ಎಂದಿದ್ದೆ, ವರ್ಷದೊಳಗೆ ಬೆಟ್ಟ ಹತ್ತಬಾರದು ಕಣಯ್ಯಾ ಎಂದಿದ್ದೆ, ಗ್ರೆಗರಿ ಬಿಡಲಿಲ್ಲ, ಹತ್ತುದು ವ್ಯಾನು ಮಾರಾಯ, ನೀನು ಕೂರುದು ಅಷ್ಟೇ, ಪಾಪ ಬಂದರೆ ಟಯರಿಗೆ ಬರ್ತದೆ.

ನಾಲ್ಕನೆಯ ಸೀಟಿನಲ್ಲಿ ನನ್ನ ದೇವರ ಪೆಟ್ಟಿಗೆ. ನ್ಯಾನ್ಸಿಯೇ ಇಟ್ಟಳು, ಬೆಲ್ಟೂ ಹಾಕಿದಳು, ದೇವರು ಬೀಳಬಾರದಲ್ಲ ಉಮಣ್ಣ, ಕನ್ನಡಿಗೆ ಅವಳ ಜಪಸರ ತೂಗುತ್ತಿದೆ, ಗ್ರೆಗರಿ ಹೇಳುತ್ತಾನೆ, ಇದು ವ್ಯಾನಲ್ಲ, ಇಗರ್ಜಿಯೂ ಮಠವೂ ಒಟ್ಟಿಗೆ ಹೊರಟ ಬಸ್ಸು, ಪೊಲೀಸು ಹಿಡಿದರೆ ಮೊದಲು ಯಾರನ್ನು ಕರೆಯುದು ನಾವು? ನಗಬೇಕಿತ್ತು, ನಕ್ಕೆ. ಒಳ್ಳೆಯ ಜನ. ಅದನ್ನು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತೇನೆ, ಒಳ್ಳೆಯ ಜನ, ನಾನು ಬ್ಯಾಂಕಿನ ಕಂಪ್ಯೂಟರ್ ಕೆಲಸಕ್ಕೆಂದು ಕ್ವಾಲಾಲಂಪುರಕ್ಕೆ ಬಂದಾಗ ಗ್ರೆಗರಿ ಅಲ್ಲಿ ಹಡಗಿನ ಕಂಪನಿಯಲ್ಲಿದ್ದ, ಸುಬಾಂಗ್ ಜಯಾ ಬಡಾವಣೆಯಲ್ಲಿ ಒಂದೇ ಗೋಡೆಯ ಎರಡು ಮನೆ, ಆ ಕಡೆ ಮೀನು ಹುರಿದರೆ ಈ ಕಡೆ ಚಾಮುಂಡಿ ಊದುಬತ್ತಿ ಹಚ್ಚುತ್ತಿದ್ದಳು, ಅದೇ ಸ್ನೇಹಕ್ಕೆ ಮೊದಲು, ಏನ್ರೀ ದಿನಾ ಪೂಜೆಯಾ ಎಂದು ನ್ಯಾನ್ಸಿ ಗೋಡೆಯಾಚೆಯಿಂದ ಕೇಳಿದ್ದಳು, ಅಲ್ಲ ಕಣ್ರೀ ನಿಮ್ಮ ಬಂಗುಡೆಗೆ ಮಂಗಳಾರತಿ ಎಂದಿದ್ದಳು ಚಾಮುಂಡಿ. ಇಬ್ಬರೂ ಗೋಡೆಯ ಎರಡು ಕಡೆ ನಿಂತು ನಕ್ಕರು. ನಾನು ಒಳಗಿದ್ದೆ. ಒಳ್ಳೆಯ ಜನ, ನ್ಯಾನ್ಸಿ ನನಗೆಂದು ಬೇರೆ ಬಾಣಲೆ ತಂದಿದ್ದಾಳೆ, ಹಿಡಿಗೆ ಕೆಂಪು ದಾರ ಕಟ್ಟಿದ್ದಾಳೆ ಗುರುತಿಗೆ, ದೊಡ್ಡ ಹಾಸಿಗೆ ನನಗೆ ಕೊಟ್ಟು ಅರವತ್ತಾರರ ಹೆಂಗಸು ಏಣಿ ಹಿಡಿದು ಡ್ರೈವರ್ ತಲೆಮೇಲಿನ ಗೂಡಿಗೆ ಹತ್ತುತ್ತಾಳೆ, ಗ್ರೆಗರಿ ಕೆಳಗಿಂದ ಕೈ ಕೊಡುತ್ತಾನೆ, ಬಿದ್ದೀ ನೀನು, ಬಿದ್ದರೆ ನಿನ್ನ ಮೇಲೇ ಬೀಳುದು — ಇದನ್ನೆಲ್ಲ ಮೊಳದ ದೂರದಲ್ಲಿ ಕೂತು ನೋಡಬೇಕಲ್ಲ. ನನ್ನ ಮರ್ಯಾದೆಗೆ ಕನ್ನಡದಲ್ಲಿ ಜಗಳ ಶುರುಮಾಡುತ್ತಾರೆ, ಸಕ್ಕರೆ ಎಷ್ಟು ಚಮಚ ಹಾಕಿಕೊಂಡೆ ಹೇಳು, ಒಂದು, ಸುಳ್ಳು, ಜಗಳ ಬಿಸಿಯಾದೊಡನೆ ಕೊಂಕಣಿಗೆ ಜಾರುತ್ತಾರೆ, ಬಾಗಿಲು ಹಾಕಿಕೊಂಡ ಹಾಗೆ, ನಾನು ಹೊರಗೆ. ಬೈಸಿಕೊಳ್ಳುವುದೂ ಒಂದು ಭಾಗ್ಯ. ನರಸಿಂಹ, ಆರು ವೈರಿಗಳಲ್ಲಿ ಐದನ್ನು ಹೇಗೋ ನಿಭಾಯಿಸಿದೆ, ಈ ಆರನೆಯದು, ಮಾತ್ಸರ್ಯ, ಎಪ್ಪತ್ತೊಂದರಲ್ಲಿ ಬಂದು ಕೂತಿದೆ.

ಇವರ ಮೇಲಿನ ಅಸೂಯೆ ಹಾಗಿರಲಿ, ಅದು ಬರುತ್ತದೆ ಹೋಗುತ್ತದೆ, ಹೋಗದೆ ಇರುವುದು ಇನ್ನೊಂದು. ಮೊದಲ ದಿನ, ತಂಪಾರುಳಿ ದಾಟಿ ರಸ್ತೆ ಸುತ್ತುತ್ತ ಏರುವಾಗ, ನ್ಯಾನ್ಸಿ ದಾರಿ ನೋಡಲೆಂದು ಫೋನು ತೆರೆದಳು, ಸಂದೇಶಗಳ ಪಟ್ಟಿಯಲ್ಲಿ ಎಲ್ಲರ ಹೆಸರುಗಳ ಮೇಲೆ ಮೊದಲನೆಯ ಸಾಲಿನಲ್ಲಿ ಚಾಮುಂಡಿಯ ಮುಖ, ನೀಲಿ ಸೀರೆಯದು, ನಾನು ಹಿಂದಿನಿಂದ ಕಂಡೆ, ಕಂಡದ್ದನ್ನು ಗ್ರೆಗರಿ ಕನ್ನಡಿಯಲ್ಲಿ ಕಂಡ. ಈಗಲೂ ದಿನಾ ಕೇಳ್ತಾಳೆ ಮಾರಾಯ, ಒಂಬತ್ತು ವರ್ಷದ್ದು ಉಂಟು, ಚಾಮುಂಡಿಯ ಮಾತು, ಒಂದೂ ಅಳಿಸಲಿಲ್ಲ ಇವಳು. ನ್ಯಾನ್ಸಿ ಅವನ ತೋಳಿಗೆ ಹೊಡೆದಳು. ನಾವು ಪುಚೊಂಗಿಗೆ ಮನೆ ಬದಲಿಸಿದ ಮೇಲೆ ಗೋಡೆ ಹೋಯಿತಲ್ಲ, ಗೋಡೆಯ ಬದಲು ಫೋನು, ಇವಳು ಮಾತಾಡಿ ಕಳಿಸುವುದು, ಅವಳು ಮಾತಾಡಿ ಕಳಿಸುವುದು, ದಿನಕ್ಕೆ ಮೂರು ನಾಲ್ಕು, ನನಗೆ ಗೊತ್ತೇ ಇರಲಿಲ್ಲ. ಬೇಕಾ ಉಮಣ್ಣ, ಕೇಳ್ತೀರಾ ಒಂದು? ಬೇಡಮ್ಮಾ, ಹೋದವರನ್ನು ಹಿಂದಿನಿಂದ ಕರೆಯಬಾರದು, ಅವರ ದಾರಿಗೆ ತೊಡಕು ಎಂದೆ. ಶಾಸ್ತ್ರದ ಮಾತು. ಶಾಸ್ತ್ರದ ಹಿಂದೆ ಅಡಗಿ ಕೂತದ್ದು ನಾನು — ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು, ನನ್ನ ಹೆಂಡತಿಯ ದನಿ ಇವಳ ಬಳಿ ಒಂಬತ್ತು ವರ್ಷದಷ್ಟಿದೆ, ಅಡಿಗೆ ಮಾಡುತ್ತಾ, ಬಟ್ಟೆ ಮಡಿಸುತ್ತಾ ಕೇಳುತ್ತಾಳೆ, ನನ್ನ ಬಳಿ ಒಂದು ಕೆಮ್ಮೂ ಇಲ್ಲ.

ಇಲ್ಲದೆ ಇರುವುದಕ್ಕೆ ನಾನೇ ಕಾರಣ, ಅದನ್ನು ಯಾರ ಮೇಲೆ ಹಾಕಲಿ. ಹನ್ನೆರಡನೆಯ ದಿನ ದಾನಕ್ಕೆ ಎಲ್ಲ ಜೋಡಿಸಿದ್ದೆ, ಹಾಸಿಗೆ, ದಿಂಬು, ಕೊಡೆ, ಚಪ್ಪಲಿ, ದೀಪ, ತಂಬಿಗೆ, ಹೋಗುವ ದಾರಿಯಲ್ಲಿ ಅವಳಿಗೆ ಯಾವುದಕ್ಕೂ ಕೊರತೆಯಾಗಬಾರದು, ಪುರೋಹಿತರಾದ ನಾಣಿ ಭಟ್ಟರು ಒಂದೊಂದೇ ಹೆಸರು ಹೇಳುತ್ತಿದ್ದಾರೆ, ನಾನು ಒಂದೊಂದೇ ಮುಟ್ಟುತ್ತಿದ್ದೇನೆ, ಆಗ ಹೊಳೆಯಿತು, ಕೊಡೆ ಅವಳು ಯಾವತ್ತು ಹಿಡಿದಳು, ಲಿಫ್ಟಿನಿಂದ ಇಳಿದರೆ ಕಾರು, ಕಾರಿಳಿದರೆ ಮಾಲು, ಅವಳ ಕೈಯಲ್ಲಿ ಸದಾ ಇದ್ದದ್ದು ಫೋನು. ಅದನ್ನೂ ಕೊಡೋಣ ಎಂದೆ. ನಾಣಿ ಭಟ್ಟರು ಕಣ್ಣರಳಿಸಿದರು, ಶಾಸ್ತ್ರದಲ್ಲಿ ಹೇಳಿಲ್ಲ ರಾಯರೇ, ಹಾಗಂತ ಬೇಡ ಅಂತಲೂ ಹೇಳಿಲ್ಲ, ಅವರು ಬಳಸುತ್ತಿದ್ದದ್ದು ತಾನೇ. ಮಗ ಸುಪ್ರೀತ್ ಮಾಂಟ್ ಕಿಯಾರಾದ ತನ್ನ ಮನೆಯಿಂದ ಬಂದಿದ್ದ, ಪಂಚೆ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು ಕೇಳಿದ, ಅಪ್ಪಾ, ಎಲ್ಲ ಅಳಿಸಿ ಕೊಡಬೇಕಾಗತ್ತೆ, ಓಕೇನಾ, ಆಮೇಲೆ ವಾಪಸ್ ಬರಲ್ಲ. ಅಳಿಸಪ್ಪ, ಇನ್ನೊಬ್ಬರ ಕೈಗೆ ಹೋಗುವುದು ಶುದ್ಧವಾಗಿ ಹೋಗಲಿ. ಐದು ನಿಮಿಷ. ಪರದೆ ಬೆಳ್ಳಗಾಗಿ, ನಮಸ್ಕಾರ ಎಂದು ಒಂದೊಂದು ಭಾಷೆಯಲ್ಲಿ ಹೇಳತೊಡಗಿತು, ಯಾರೋ ಹೊಸಬರಿಗೆ. ತುಳಸಿದಳ ಇಟ್ಟು ಉದ್ಧರಣೆಯಲ್ಲಿ ನೀರು ಎತ್ತಿದಾಗ ಸುಪ್ರೀತ್, ಅಪ್ಪಾ ನೀರು ಮೇಲೆ ಹಾಕ್ಬೇಡಿ, ಪಕ್ಕದಲ್ಲಿ ಬಿಡಿ ಎಂದ. ಪಕ್ಕದಲ್ಲಿ ಬಿಟ್ಟೆ, ನ ಮಮ ಎಂದೆ, ನನ್ನದಲ್ಲ, ಸ್ಪಷ್ಟವಾಗಿ ಹೇಳಿದೆ, ಮೂರು ಸಲ. ನನ್ನ ಫೋನಿನಲ್ಲಿ? ನನ್ನ ಫೋನನ್ನು ನಾನು ದಿನಾ ಸಂಜೆ ಗುಡಿಸಿ ಇಡುತ್ತೇನೆ, ಓದಿದ್ದು ಅಳಿಸುವುದು, ನಲವತ್ತು ವರ್ಷದ ಕೆಲಸದ ಅಭ್ಯಾಸ, ಅವಳೂ ನನಗೆ ಕಳಿಸುತ್ತಿದ್ದದ್ದು ಏನು, ಮೊಸರು ತನ್ನಿ, ಸರವಣನ ಅಂಗಡಿಯಲ್ಲಿ ಕರಿಬೇವು ಬಂದಿದ್ಯಂತೆ, ಇವತ್ತು ಅಡಿಗೆ ಆಗಲ್ಲ ಇಡ್ಲಿ ತಪೌ ಕಟ್ಟಿಸಿಕೊಂಡು ಬನ್ನಿ. ಬರೆದು ಕಳಿಸುತ್ತಿದ್ದಳು. ನನಗೆ ಬರೆದಳು, ನ್ಯಾನ್ಸಿಯೊಡನೆ ಮಾತಾಡಿದಳು.

ಏನು ಮಾತಾಡಿದಳು? ಒಂಬತ್ತು ವರ್ಷ ಮಾತಾಡುವಷ್ಟು ಏನಿತ್ತು? ನನ್ನ ಬಗ್ಗೆಯೇ ಇರಬೇಕು, ಇವರದು ಮಡಿ ಜಾಸ್ತಿ, ಇವರಿಗೆ ಸಿಟ್ಟು ಜಾಸ್ತಿ, ಇವರು ನಾನು ಕೇಳಿದ್ದಕ್ಕೆ ಹೂಂ ಎನ್ನುತ್ತಾರೆ, ತಲೆ ಎತ್ತುವುದಿಲ್ಲ — ಇಂದು ಬೆಳಿಗ್ಗೆ ಗಾಯತ್ರಿ ಎಣಿಸುವಾಗ ನಲವತ್ತರ ಹತ್ತಿರ ಬೆರಳು ನಿಂತುಬಿಟ್ಟಿತು, ಸಿಂಕಿನ ಮೇಲಿನ ಹಲಗೆಯಲ್ಲಿ ನ್ಯಾನ್ಸಿಯ ಫೋನು ಚಾರ್ಜಿಗೆ ಹಾಕಿದೆ ಎಂದು ಮನಸ್ಸು ಹೇಳಿತು, ಬೇಡ ಎಂದೆ, ಮತ್ತೆ ಒಂದರಿಂದ ಎಣಿಸಿದೆ, ಮತ್ತೆ ನಿಂತಿತು. ಗಂಡ ಹೆಂಡತಿ ಪಾರ್ಕಿನ ಹೂಜಿ ಗಿಡ ನೋಡಲು ಹೋದರು, ನೊಣ ಹಿಡಿದು ತಿನ್ನುವ ಗಿಡವಂತೆ, ಬಾ ಉಮಾನಾಥ, ನಿನ್ನ ಹಾಗೆ ವೆಜಿಟೇರಿಯನ್ ಅಲ್ಲ ಅದು, ಕಾಲು ನೋಯುತ್ತಿದೆ ಎಂದು ಉಳಿದೆ. ಕಾಲು ನೋಯುತ್ತಿರಲಿಲ್ಲ. ಪರರ ವಸ್ತು ಮುಟ್ಟಿದವನಲ್ಲ ನಾನು, ಎದ್ದೆ, ತೆಗೆದುಕೊಂಡೆ, ಬೆಚ್ಚಗಿತ್ತು, ಗುಟ್ಟಿನ ಅಂಕಿ ಕೇಳಿತು. ನನಗೆ ಹೇಗೆ ಗೊತ್ತು. ಒತ್ತಲಿಲ್ಲ. ಹಾಗೇ ಕಿವಿಗೆ ಹಿಡಿದುಕೊಂಡೆ, ಮುದುಕ, ಬ್ಯಾಂಕಿನ ಕಂಪ್ಯೂಟರ್ ನಡೆಸಿದವನು, ಬಾಗಿಲು ಮುಚ್ಚಿದ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತೆ, ಏನೂ ಇಲ್ಲ, ಆಮೇಲೆ ಹೊರಗೆ ನ್ಯಾನ್ಸಿಯ ನಗು ಕೇಳಿಸಿತು, ಇಟ್ಟುಬಿಟ್ಟೆ, ತಂತಿ ಸರಿಯಾಗಿ ಸೇರಿಸಿದೆನೋ ಇಲ್ಲವೋ. ಕೇಳಿದರೆ ಕೊಡುತ್ತಾಳೆ, ಈಗಲೇ ಕೊಡುತ್ತಾಳೆ, ಆ ಸಂಕಟವೇ ಬೇರೆ, ನನ್ನದನ್ನು ಅವಳ ಕೈಯಿಂದ ಬೇಡಿ ಪಡೆಯಬೇಕು. ಈಗ ಮದ್ದು ಬಿಟ್ಟು ಮುಗಿದಿದೆ, ಗ್ರೆಗರಿ ಕಣ್ಣು ಒರೆಸಿಕೊಂಡು ವ್ಯಾನು ಚಾಲೂ ಮಾಡುತ್ತಿದ್ದಾನೆ, ನ್ಯಾನ್ಸಿಯ ಮಡಿಲಲ್ಲಿ ಸಂತೆಯ ಚೀಲ, ಎಳೆ ಬದನೆಕಾಯಿ ಸಿಕ್ಕಿತು ಉಮಣ್ಣ, ಇವತ್ತು ನಿಮಗೆ ಚಾಮುವಿನ ಎಣ್ಣೆಗಾಯಿ. ಚಾಮು. ನಾನು ಹಾಗೆ ಕರೆಯಲಿಲ್ಲ, ಎಂದೂ ಕರೆಯಲಿಲ್ಲ, ಹೆಸರು ಹಿಡಿದು ಕರೆಯುವ ರೂಢಿಯೇ ಇರಲಿಲ್ಲ, ಏ ಎಂದರೆ ಬರುತ್ತಿದ್ದಳು.

ವ್ಯಾನು ನಿಲ್ಲಿಸುವ ಜಾಗ ಇಳಿಜಾರು, ಎಲೆಕೋಸಿನ ಗದ್ದೆಯ ಮೇಲೆ, ನಾಲ್ಕು ಗಂಟೆಗೇ ಚಳಿ, ಗ್ರೆಗರಿ ಚಕ್ರದಡಿಗೆ ಮರದ ಹಲಗೆ ಕೊಟ್ಟು ಮಟ್ಟ ಮಾಡುತ್ತಿದ್ದಾನೆ, ಜಾಗದ ಯಜಮಾನ, ಇಲ್ಲಿಯದೇ ಕಡಜಾನ್ ಜನಾಂಗದ ಮುದುಕ, ಒಂದು ಲೋಟದಲ್ಲಿ ನೀರು ತಂದು ವ್ಯಾನಿನ ಮೆಟ್ಟಿಲ ಮೇಲಿಟ್ಟು ನೋಡುತ್ತಾನೆ, ಇನ್ನೂ ಸ್ವಲ್ಪ ಬಾಸ್, ಈ ಕಡೆ ಲಾ, ನಾನು ಮಡಿಸುವ ಕುರ್ಚಿ ಹಾಕಿಕೊಂಡು ಕಿಟಕಿಯ ಕೆಳಗೆ ಕೂತಿದ್ದೇನೆ, ಶಾಲು ಹೊದ್ದು, ಬೆಟ್ಟದ ಕಡೆ ಮುಖ, ಬೆಟ್ಟವಿಲ್ಲ. ಕಿಟಕಿಯ ಬಲೆಯಿಂದ ಎಳ್ಳು ಹುರಿಯುವ ವಾಸನೆ. ಎಳ್ಳಿನ ವಾಸನೆ ಎಂದರೆ ಈ ಹತ್ತು ತಿಂಗಳು ನನಗೆ ತರ್ಪಣ, ಎಳ್ಳಿನ ವಾಸನೆ ಎಂದರೆ ಅದಕ್ಕೆ ಮುಂಚೆ — ಕೇಳ್ಕೊ ನ್ಯಾನ್ಸಿ, ಬದನೆಕಾಯಿ ತೊಟ್ಟು ಕೀಳ್ಬೇಡ, ನಾಲ್ಕು ಸೀಳು ಸೀಳು, ಪೂರ್ತಿ ಅಲ್ಲ. ನಾನು ಅಲುಗಲಿಲ್ಲ. ಎಳ್ಳು ಬೇರೆ ಹುರಿ, ಕೊಬ್ಬರಿ ಬೇರೆ, ಒಟ್ಟಿಗೆ ಹಾಕಿದ್ರೆ ಒಂದು ಸೀಯತ್ತೆ ಒಂದು ಹಸಿ ಇರತ್ತೆ. ಕಿಟಕಿಯ ಒಳಗಿನಿಂದ, ಒಲೆಯ ಪಕ್ಕದಿಂದ, ಅವಳು. ಮೂಗಿನಲ್ಲಿ ಸ್ವಲ್ಪ ನೆಗಡಿ ಇದೆ. ಹಿಂದೆ ಕುಕ್ಕರ್ ಕೂಗಿತು, ನಮ್ಮ ಕುಕ್ಕರ್, ಒಂದು ಎಂದಳು ತನ್ನಷ್ಟಕ್ಕೆ, ವಿಸಿಲ್ ಎಣಿಸುತ್ತಿದ್ದಾಳೆ. ಬೆಲ್ಲ ಇವ್ರಿಗೆ ಜಾಸ್ತಿ ಬೇಕು, ನಿನ್ನ ಗ್ರೆಗರಿಗೆ ಶುಗರ್ರು, ಹಾಕ್ಲೇಬೇಡ, ಕೇಳಿದ್ರೆ ಹಾಕಿದೀನಿ ಅನ್ನು. ಅಯ್ಯೋ, ಮೊನ್ನೆ ಇವ್ರು ಏನ್ ಮಾಡಿದ್ರು ಗೊತ್ತಾ ನ್ಯಾನ್ಸಿ — ನಗು, ಮೊದಲು ಮೂಗಿನಿಂದ, ಆಮೇಲೆ ತಡೆಯಲಾಗದೆ ಗಂಟಲಿನಿಂದ, ಹೀಗೆ ನಕ್ಕದ್ದನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ, ನನ್ನ ವಿಷಯಕ್ಕೆ ನಗುತ್ತಿದ್ದಾಳೆ, ನಗಲಿ, ಏನು ಮಾಡಿದೆ ನಾನು, ಹೇಳು, ಹೇಳು — ಇವ್ರು, ಇವ್ರು ಮೊನ್ನೆ ದೇವಸ್ಥಾನದಲ್ಲಿ — ಆಗ ದೂರದಲ್ಲಿ ಒಂದು ಸದ್ದು, ಕಬ್ಬಿಣದ್ದು, ಸರಪಣಿ ನಮ್ಮ ಬಾಗಿಲ ಗ್ರಿಲ್ಲಿಗೆ ತಾಗಿದ್ದು, ಬೀಗದಲ್ಲಿ ಕೀಲಿಕೈ ತಿರುಗಿದ್ದು. ಇವ್ರು ಬಂದ್ರು, ಇಡ್ತೀನಿ ಕಣೆ. ನಿಂತಿತು.

ನಿಂತೇ ಹೋಯಿತು. ಒಲೆಯ ಸದ್ದು ಮಾತ್ರ. ಎದ್ದದ್ದು ಯಾವಾಗ, ಮೆಟ್ಟಿಲು ಹತ್ತಿದ್ದು ಯಾವಾಗ, ಲೋಟದ ನೀರು ಕಾಲಿಗೆ ತಾಗಿ ಚೆಲ್ಲಿತು, ಎಂತ ಮಾರಾಯ ಇಷ್ಟು ಹೊತ್ತು ಮಟ್ಟ ಮಾಡಿದ್ದು ನಾನು ಎಂದ ಗ್ರೆಗರಿ, ನನ್ನ ಮುಖ ನೋಡಿ ತಾನೇ ಲೋಟ ಎತ್ತಿಕೊಂಡ. ನ್ಯಾನ್ಸಿಯ ಕೈಯಲ್ಲಿ ಸೌಟು, ಫೋನು ಮಸಾಲೆ ಡಬ್ಬಿಗೆ ಒರಗಿಸಿಟ್ಟಿದ್ದಾಳೆ, ಅಯ್ಯೋ ಉಮಣ್ಣ, ನೀವು ಅಲ್ಲೇ ಇದ್ದದ್ದಾ, ತಪ್ಪಾಯ್ತು ನಂದು, ಅಳತೆ ಮರೆತು ಹೋಗಿತ್ತು, ಅದಕ್ಕೆ ಹಾಕಿದ್ದು. ತಪ್ಪಿಲ್ಲಮ್ಮ, ಎಂದೆ. ಆಮೇಲೆ, ಮೂರು ದಿನ ಬೇಡವೆಂದು ಕೂತವನು ನಾನೇ ಕೇಳಿದೆ, ದೇವಸ್ಥಾನದಲ್ಲಿ ನಾನು ಏನು ಮಾಡಿದೆನಂತೆ, ಮುಂದಿನದು ಹಾಕು. ಮುಂದಿನದು ಇಲ್ಲ ಉಮಣ್ಣ. ಇಲ್ಲವೆಂದರೆ? ಹೇಳಲೇ ಇಲ್ಲ ಅವಳು, ಮರುದಿನ ಬೇರೆ ಮಾತು, ನಾನೂ ಕೇಳಲಿಲ್ಲ, ಕೇಳಬೇಕಿತ್ತು. ಹಾಗಾದರೆ ಬೇರೆ ಯಾವುದಾದರೂ ಹಾಕಮ್ಮಾ. ಎಷ್ಟು ಸುಲಭವಾಗಿ ಬೇಡಿದೆ. ಅವಳು ಸೌಟು ಇಟ್ಟು, ಕೈ ಒರೆಸಿಕೊಂಡು, ನನ್ನನ್ನು ಕೂರಿಸಿದಳು, ದೇವರ ಪೆಟ್ಟಿಗೆಯ ಪಕ್ಕದಲ್ಲಿ, ಹಾಕಿದಳು. ಸುಪ್ರೀತನ ಕೆಲಸದ ಮಾತು, ಮಂಡಿನೋವಿಗೆ ಯಾವುದೋ ಎಣ್ಣೆ, ಬೆಟ್ಟದ ವ್ಯಾನಿನಲ್ಲಿ ಮೇಲಿನ ಗೂಡು ನಂಗೆ ಬೇಕು ಕಣೆ, ನೀವಿಬ್ಬರೂ ಕೆಳಗೆ ಮಲಗಿ, ಇವ್ರನ್ನ ಹತ್ತಿಸೋದು ನನ್ನ ಜವಾಬ್ದಾರಿ — ಕಬ್ಬಿಣದ ಸದ್ದು. ಇವ್ರು ಬಂದ್ರು, ಇಡ್ತೀನಿ. ಇನ್ನೊಂದು. ಚಿಕ್ಕಂದಿನಲ್ಲಿ ಅವಳ ಅಜ್ಜಿ ಹೇಳಿದ ಯಾವುದೋ ದೆವ್ವದ ಕಥೆ, ನನಗೆ ಒಮ್ಮೆಯೂ ಹೇಳದ ಕಥೆ, ದೆವ್ವ ಇನ್ನೂ ಬಾವಿಕಟ್ಟೆಯ ಹತ್ತಿರ ಬಂದಿದೆ ಅಷ್ಟೇ — ಸರಪಣಿ, ಬೀಗ. ಇವ್ರು ಬಂದ್ರು. ಇನ್ನೊಂದು, ಇನ್ನೊಂದು. ಎಲ್ಲ ಹೀಗೇ ಉಮಣ್ಣ, ನ್ಯಾನ್ಸಿ ಕಣ್ಣೊರೆಸಿಕೊಂಡು ನಗುತ್ತಾಳೆ, ನೀವು ಇಲ್ಲದಾಗ ನಾನು, ನಿಮ್ಮ ಬೀಗದ ಸದ್ದು ಆಯಿತೋ ನಾನು ಯಾರೋ. ಅರ್ಧ ಮಾತು, ಅರ್ಧ ನಗು, ಎಲ್ಲ ಬಿಟ್ಟು ಓಡುದು. ಕಾಫಿಗೆ ಇಡಬೇಕು ಇವ್ರಿಗೆ, ಅಂತ. ನಂಗೆ ನಿಮ್ಮ ಮೇಲೆ ಎಷ್ಟು ಹೊಟ್ಟೆಕಿಚ್ಚು ಗೊತ್ತುಂಟಾ, ಈಗಲೂ ಉಂಟು. ಬಾಗಿಲಲ್ಲಿ ನಿಂತ ಗ್ರೆಗರಿ, ಸೀಯುತ್ತಾ ಉಂಟು ನೋಡು ಎಂದು ಮೆಲ್ಲಗೆ ಹೇಳಿ ತಾನೇ ಒಲೆ ಆರಿಸಿದ.

ಅವಳಿಗೆ ನನ್ನ ಮೇಲೆ, ನನಗೆ ಅವಳ ಮೇಲೆ, ಆಗಲಿ, ಅದು ಮುಗಿಯಿತು, ಅದು ಈಗ ಇಲ್ಲ, ಹುಡುಕಿದರೂ ಇಲ್ಲ, ಬೆಂಕಿ ಮಾತ್ರ ಹಾಗೇ ಇದೆ, ಬೇರೆ ಒಬ್ಬನ ಕಡೆ ತಿರುಗಿದೆ. ಯಾರು ಅವನು, ಸಂಜೆ ಏಳಕ್ಕೆ ದೇವಸ್ಥಾನದಿಂದ ಬರುತ್ತಾನೆ, ಹಣೆಯಲ್ಲಿ ಕುಂಕುಮ, ಕೈಯಲ್ಲಿ ಬಾಳೆಹಣ್ಣಿನ ಚೀಲ, ನಮ್ಮ ಹದಿನಾಲ್ಕನೆಯ ಮಹಡಿಯ ಉದ್ದ ಓಣಿಯಲ್ಲಿ ನನ್ನ ಚಪ್ಪಲಿ ಎಳೆಯುತ್ತ ಬರುತ್ತಾನೆ, ಒಳಗೆ ಒಬ್ಬಳು ನಗುತ್ತಿದ್ದಾಳೆ, ನಿಂತು ಕೇಳುವುದಿಲ್ಲ, ಬಾಗಿಲ ಹೊರಗೆ ಒಂದು ನಿಮಿಷ ನಿಂತಿದ್ದರೆ ಅವಳ ಕಥೆ ಮುಗಿಯುತ್ತಿತ್ತು, ದೆವ್ವ ಬಾವಿಕಟ್ಟೆ ದಾಟುತ್ತಿತ್ತು, ದೇವಸ್ಥಾನದಲ್ಲಿ ನಾನು ಏನು ಮಾಡಿದೆನೆಂದು ಗೊತ್ತಾಗುತ್ತಿತ್ತು, ನಿಲ್ಲು, ತೆಗೆಯಬೇಡ, ಇನ್ನೊಂದು ಮಾತು ಆಡಲಿ ಅವಳು — ಅವನಿಗೆ ಕೇಳಿಸುವುದಿಲ್ಲ, ಸರಪಣಿ ಎಳೆಯುತ್ತಾನೆ, ಒಳಗೆ ಅವಳು ಎಲ್ಲವನ್ನೂ ಇಟ್ಟುಬಿಡುತ್ತಾಳೆ ಅವನಿಗಾಗಿ, ಅವನು ಒಳಗೆ ಹೋಗುತ್ತಾನೆ, ಕಾಫಿ ಕುಡಿಯುತ್ತಾನೆ, ತಲೆ ಎತ್ತದೆ ಹೂಂ ಎನ್ನುತ್ತಾನೆ, ಅವಳು ಅವನೆದುರಿಗೇ ಕೂತಿದ್ದಾಳೆ, ಅವನೆದುರಿಗೆ, ಪಾಪಿ, ಮಹಾಭಾಗ್ಯವಂತ, ನಾನು ಇಲ್ಲಿ ಹೊರಗೆ, ಗ್ರಿಲ್ಲಿನ ಈ ಕಡೆ, ಮತ್ತೆ ಹಾಕು ನ್ಯಾನ್ಸಿ ಎನ್ನುತ್ತೇನೆ, ಅವಳು ಹಾಕುತ್ತಾಳೆ, ಅವನು ಬರುತ್ತಾನೆ, ಕುಂಕುಮ, ಚೀಲ, ಬಲಗೈ, ಕೀಲಿಕೈ, ಬೀಗದೊಳಗೆ ಹೋಗುತ್ತದೆ, ತಿರುಗುತ್ತದೆ, ಇವ್ರು ಬಂದ್ರು, ತಿರುಗುತ್ತದೆ, ಆ ಕೈ, ಆ ಕೀಲಿಕೈ